ಮನೆಯವರು ಬರುವುದು ನಾಯಿಗೆ ಮೊದಲೇ ಹೇಗೆ ಗೊತ್ತಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾಯಿ ಸಾಕಿದ ಮನೆಗಳಲ್ಲಿ ಈ ಮಾತು ಬಾರದೇ ಇರುವುದಿಲ್ಲ: ‘ಇವರು ಬರುವುದು ಅದಕ್ಕೆ ಮೊದಲೇ ಗೊತ್ತಾಗುತ್ತದೆ, ಗೇಟಿನ ಹತ್ತಿರ ಹೋಗಿ ಕೂತುಬಿಡುತ್ತದೆ.’ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಕೇಳುವವರು ಮಾತ್ರ ಎರಡು ಪಂಗಡವಾಗುತ್ತಾರೆ. ಅದೊಂದು ಅತೀಂದ್ರಿಯ ಶಕ್ತಿ ಎಂದು ನಂಬುವವರು ಒಂದು ಕಡೆ, ಎಲ್ಲ ಭ್ರಮೆ ಎಂದು ತಳ್ಳಿಹಾಕುವವರು ಇನ್ನೊಂದು ಕಡೆ. ಒಂದು ಸಂಜೆ ಸುಮ್ಮನೆ ಕೂತು ನಾಯಿಯನ್ನೇ ಗಮನಿಸುವ ವ್ಯವಧಾನ ಇಬ್ಬರಿಗೂ ಕಡಿಮೆ. ಬಹಳ ವರ್ಷಗಳಿಂದ ನಾಯಿ, ಬೆಕ್ಕುಗಳೊಂದಿಗೆ ಬದುಕುತ್ತಿರುವ ನನ್ನನ್ನು ಸ್ನೇಹಿತರು, ನೆರೆಹೊರೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ನಿಜವಾಗಿಯೂ ಮೊದಲೇ ಗೊತ್ತಾಗುತ್ತದೆಯೇ?

ಗೊತ್ತಾಗುತ್ತದೆ. ಎಷ್ಟು ಮೊದಲು, ಯಾವುದರಿಂದ ಎಂಬುದಷ್ಟೇ ಚರ್ಚೆಯ ವಿಷಯ.

ಬಾಗಿಲು ತಟ್ಟುವ ಎರಡು ಮೂರು ನಿಮಿಷ ಮೊದಲು ಎದ್ದು ನಿಂತರೆ ಅದು ಕಿವಿಯ ಕೆಲಸ. ದಿನವೂ ಆರು ಗಂಟೆಗೆ ಬರುವವರಿಗಾಗಿ ಐದೂವರೆಗೇ ಕಿಟಕಿಯ ಬಳಿ ಸೇರಿಕೊಂಡರೆ ಅದು ದೇಹದೊಳಗಿನ ಗಡಿಯಾರದ ಕೆಲಸ. ಇವೆರಡರಲ್ಲಿ ಯಾವ ನಿಗೂಢವೂ ಇಲ್ಲ. ಗೊತ್ತುಗುರಿಯಿಲ್ಲದ ಹೊತ್ತಿನಲ್ಲಿ, ಹತ್ತಾರು ಕಿಲೋಮೀಟರ್ ದೂರದಿಂದ, ಅಪರಿಚಿತ ವಾಹನದಲ್ಲಿ ಹೊರಟವರಿಗಾಗಿ, ಅವರು ಹೊರಟ ಆ ಗಳಿಗೆಯಲ್ಲೇ ನಾಯಿ ಎದ್ದು ಕಾಯಲು ಶುರುಮಾಡಿದರೆ? ನಿಜವಾದ ಜಗಳ ಇರುವುದು ಇಲ್ಲಿ. ಈ ಮೂರನ್ನೂ ಒಂದೇ ಎಂದು ಭಾವಿಸಿ ಮಾತಾಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ನಮಗೆ ಏನೂ ಕೇಳಿಸದಿರುವಾಗ ನಾಯಿಗೆ ಕೇಳಿಸುವುದಾದರೂ ಏನು?

ನಮ್ಮ ಮನೆಯ ಕರಿಯ ಬೀದಿಯಿಂದ ಬಂದ ನಾಯಿ. ಸಂಜೆ ಜಗಲಿಯಲ್ಲಿ ಮುಂಗಾಲುಗಳ ಮೇಲೆ ಗಲ್ಲ ಇಟ್ಟು ಮಲಗಿರುತ್ತಾನೆ. ನನ್ನ ಹೆಂಡತಿಯ ಸ್ಕೂಟರ್ ನ್ಯಾಯಬೆಲೆ ಅಂಗಡಿಯ ಮುಂದಿನ ಉಬ್ಬು ದಾಟಿ ನಮ್ಮ ರಸ್ತೆಗೆ ತಿರುಗಬೇಕು. ಆ ಉಬ್ಬಿನ ಹತ್ತಿರ ವೇಗ ತಗ್ಗಿಸಿ ಮತ್ತೆ ಏರಿಸುವಾಗ ಇಂಜಿನ್ನಿನ ಸದ್ದು ಬದಲಾಗುತ್ತದೆ. ನನಗೆ ಅದು ಕೇಳಿಸುವುದೇ ಇಲ್ಲ. ಕರಿಯನ ಎಡಗಿವಿ ಮಾತ್ರ ನೆಟ್ಟಗಾಗಿ ರಸ್ತೆಯ ಕಡೆ ತಿರುಗುತ್ತದೆ. ಕಣ್ಣು ಇನ್ನೂ ಮುಚ್ಚಿಯೇ ಇರುತ್ತದೆ. ಆಮೇಲೆ ತಲೆ ಎತ್ತುತ್ತಾನೆ, ಎದ್ದು ಮೈ ಮುರಿಯುತ್ತಾನೆ, ಗೇಟಿಗೆ ಹೋಗುತ್ತಾನೆ. ಅದೇ ಕಂಪನಿಯ ಬೇರೆ ಸ್ಕೂಟರ್ ಬಂದರೂ ಕಿವಿ ಏಳುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಮತ್ತೆ ಬೀಳುತ್ತದೆ. ತಲೆ ಏಳುವುದಿಲ್ಲ. ಸ್ಕೂಟರ್ ರಿಪೇರಿಗೆ ಹೋಗಿ ಅವಳು ಆಟೋದಲ್ಲಿ ಬಂದ ದಿನ, ಇಳಿದು ನಾಲ್ಕು ಹೆಜ್ಜೆ ನಡೆಯುವವರೆಗೂ ಅವನು ಮಲಗಿಯೇ ಇದ್ದ. ಆ ಒಂದು ಸಂಜೆ ನನಗೆ ಕಲಿಸಿದ್ದು ಬಹಳ.

ಮನುಷ್ಯರ ಕಿವಿಗೆ ನಿಲುಕುವ ಸ್ವರದ ಎತ್ತರದ ಮೇಲ್ಮಿತಿ ಸುಮಾರು 20,000 ಹರ್ಟ್ಸ್, ಎಂದರೆ ಸೆಕೆಂಡಿಗೆ ಅಷ್ಟು ಕಂಪನ. ನಾಯಿಗೆ ಸುಮಾರು 45,000, ಬೆಕ್ಕಿಗೆ ಸುಮಾರು 85,000. ಬೀಗದ ಕೈ ಗೊಂಚಲಿನ ಕಿಣಿಕಿಣಿಯಲ್ಲಿ, ಬ್ರೇಕಿನ ಕೀರಲಿನಲ್ಲಿ ನಮಗೆ ಕೇಳಿಸದ ಎಷ್ಟೋ ಸ್ವರಗಳಿವೆ. ಆದರೆ ಇಲ್ಲಿ ಒಂದು ಮಾತು ಗಮನಿಸಬೇಕು. ಅತಿ ಎತ್ತರದ ಸ್ವರಗಳು ಗಾಳಿಯಲ್ಲಿ ಬೇಗ ಕರಗಿಹೋಗುತ್ತವೆ, ದೂರ ಸಾಗುವುದಿಲ್ಲ. ಆದ್ದರಿಂದ ನಾಯಿಗೆ ದೂರದ ಸದ್ದು ಗುರುತು ಸಿಗುವುದು ಈ ಮೇಲ್ಮಿತಿಯ ದೆಸೆಯಿಂದಲ್ಲ. ನೂರು ಸದ್ದುಗಳ ನಡುವೆ ತನಗೆ ಬೇಕಾದ ಒಂದೇ ಒಂದನ್ನು ಹೆಕ್ಕುವ ಅಭ್ಯಾಸ ಅದಕ್ಕಿದೆ, ಅದಕ್ಕಾಗಿಯೇ ಕಾದು ಕೂತಿರುತ್ತದೆ. ದಿನವೆಲ್ಲ ಅದಕ್ಕೆ ಇರುವ ಮುಖ್ಯವಾದ ಕೆಲಸ ಅದೊಂದೇ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಇದನ್ನು ಇನ್ನೂ ಸುಲಭವಾಗಿ ಕಾಣಬಹುದು. ಲಿಫ್ಟ್ ಯಾವ ಮಹಡಿಯಲ್ಲಿ ನಿಂತರೂ ಅಲ್ಲಾಡದ ನಾಯಿ, ತಮ್ಮ ಮಹಡಿಯಲ್ಲಿ ನಿಂತಾಗ ಮಾತ್ರ ಎದ್ದು ಬಾಗಿಲಿಗೆ ಬರುತ್ತದೆ.

ಗಡಿಯಾರ ನೋಡಲು ಬಾರದ ಪ್ರಾಣಿಗೆ ಹೊತ್ತು ಹೇಗೆ ತಿಳಿಯುತ್ತದೆ?

ಹೊತ್ತು ತಿಳಿಯಲು ಗಿಡಕ್ಕೂ ಗಡಿಯಾರ ಬೇಕಿಲ್ಲ. ಫ್ರಾನ್ಸಿನ ಖಗೋಳ ವಿಜ್ಞಾನಿ ಡಿ ಮೈರಾನ್ 1729ರಲ್ಲಿ ನಮ್ಮ ಮುಟ್ಟಿದರೆ ಮುನಿಯಂಥ ಒಂದು ಗಿಡವನ್ನು ಕತ್ತಲಲ್ಲಿಟ್ಟ. ಬಿಸಿಲೇ ಕಾಣದಿದ್ದರೂ ಅದರ ಎಲೆಗಳು ಹಗಲಿಗೆ ಬಿಚ್ಚಿಕೊಳ್ಳುತ್ತಿದ್ದವು, ಇರುಳಿಗೆ ಮುಚ್ಚಿಕೊಳ್ಳುತ್ತಿದ್ದವು. ಜೀವಕೋಶದೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಎಂದು ತೋರಿಸಿಕೊಟ್ಟ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರಿಗೆ 2017ರ ನೊಬೆಲ್ ಬಹುಮಾನ ಬಂತು. ನಿಗದಿತ ಹೊತ್ತಿಗೆ ಆಹಾರ ಸಿಗುವ ಇಲಿಗಳು ಆ ಹೊತ್ತಿಗೆ ಸ್ವಲ್ಪ ಮೊದಲೇ ಚುರುಕಾಗಿ ಓಡಾಡತೊಡಗುತ್ತವೆ ಎಂಬುದು 1920ರ ದಶಕದಿಂದಲೇ ಪ್ರಯೋಗಾಲಯಗಳಲ್ಲಿ ತಿಳಿದಿದ್ದ ಸಂಗತಿ.

ಅದರ ಮೇಲೆ ಮನೆಯೇ ಒಂದು ಗಡಿಯಾರ. ಶಾಲಾ ವ್ಯಾನಿನ ಹಾರ್ನ್, ಮಸೀದಿಯ ಆಜಾನ್, ದೇವಸ್ಥಾನದ ಗಂಟೆ, ಪಕ್ಕದ ಮನೆಯ ಕುಕ್ಕರಿನ ಕೂಗು, ಟಿವಿಯಲ್ಲಿ ಧಾರಾವಾಹಿಯ ಶೀರ್ಷಿಕೆ ಗೀತೆ. ಭಾನುವಾರ ಇವುಗಳ ಸರಣಿ ಬೇರೆಯಾಗಿರುವುದರಿಂದಲೇ ಎಷ್ಟೋ ನಾಯಿಗಳು ಭಾನುವಾರ ಗೇಟಿಗೆ ಹೋಗುವುದಿಲ್ಲ. ವಾರದ ಲೆಕ್ಕ ಅವಕ್ಕೆ ಬರುತ್ತದೆ ಎಂದು ಅಚ್ಚರಿಪಡುವ ಮೊದಲು ಭಾನುವಾರದ ಸದ್ದುಗಳನ್ನು ಕೇಳಿಸಿಕೊಳ್ಳಿ.

ವಾಸನೆ ಕಡಿಮೆಯಾಗುವುದನ್ನು ಅಳೆದು ನಾಯಿ ಸಮಯ ತಿಳಿಯುತ್ತದಂತೆ, ಹೌದೇ?

ಇದು ತುಂಬ ಸೊಗಸಾದ ಊಹೆ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನಲ್ಲಿ ನಾಯಿಗಳ ಅರಿವಿನ ಬಗ್ಗೆ ಸಂಶೋಧನೆ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಜ್ ಮುಂದಿಟ್ಟಿದ್ದು. ಬೆಳಿಗ್ಗೆ ನೀವು ಮನೆ ಬಿಟ್ಟಾಗ ನಿಮ್ಮ ವಾಸನೆ ಮನೆ ತುಂಬ ದಟ್ಟವಾಗಿರುತ್ತದೆ. ಹೊತ್ತು ಹೋದಂತೆ ಅದು ತೆಳುವಾಗುತ್ತದೆ. ದಿನವೂ ಒಂದು ಮಟ್ಟಕ್ಕೆ ತೆಳುವಾದಾಗ ನೀವು ಬರುತ್ತೀರಿ. ಆ ಮಟ್ಟವೇ ನಾಯಿಗೆ ಸಂಜೆಯ ಗುರುತು.

2014ರಲ್ಲಿ ಬಿಬಿಸಿಯ ಒಂದು ಕಾರ್ಯಕ್ರಮದಲ್ಲಿ ಇದನ್ನು ಪರೀಕ್ಷಿಸಿದರು. ಜಾಜ್ ಎಂಬ ನಾಯಿ ಮನೆಯ ಯಜಮಾನ ಬರುವ ಸ್ವಲ್ಪ ಹೊತ್ತಿನ ಮೊದಲು ಸೋಫಾ ಹತ್ತಿ ಕಿಟಕಿಯತ್ತ ನೋಡುತ್ತಿತ್ತು. ಒಂದು ದಿನ ಅವನು ತೊಟ್ಟು ಬಿಟ್ಟ, ಬೆವರಿನ ವಾಸನೆಯ ಅಂಗಿಗಳನ್ನು ತಂದು ಹಗಲಿನಲ್ಲಿ ಕೋಣೆಯೊಳಗೆ ಆಡಿಸಿದರು, ಅವನು ಈಗಷ್ಟೇ ಹೋಗಿದ್ದಾನೆ ಎನ್ನಿಸುವ ಹಾಗೆ. ಆ ದಿನ ನಾಯಿ ಎದ್ದು ಕಾಯಲಿಲ್ಲ. ಅವನು ಬಂದಾಗ ಮಲಗಿತ್ತು. ನನಗಂತೂ ಇದನ್ನು ಕೇಳಿ ರೋಮಾಂಚನವಾಯಿತು. ಆದರೂ ಒಂದು ನಾಯಿ, ಒಂದು ಸಂಜೆ. ಇದನ್ನು ಸಿದ್ಧಾಂತವೆಂದು ಹಂಚುವುದು ಅವಸರ.

ಮನೆಯವರ ವಾಸನೆಗೆ ನಾಯಿಯ ಮಿದುಳಿನಲ್ಲಿ ವಿಶೇಷ ಸ್ಥಾನವಿದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಿಂದ ಬಂದಿದೆ. ಗ್ರೆಗರಿ ಬರ್ನ್ಸ್ ಮತ್ತು ಅವರ ತಂಡ 12 ನಾಯಿಗಳಿಗೆ ಎಂಆರ್‌ಐ ಯಂತ್ರದಲ್ಲಿ ಅಲ್ಲಾಡದೆ ಮಲಗುವುದನ್ನು ಕಲಿಸಿ ಬೇರೆ ಬೇರೆ ವಾಸನೆ ತೋರಿಸಿದರು. ಪರಿಚಿತ ನಾಯಿ, ಅಪರಿಚಿತ ನಾಯಿ, ಅಪರಿಚಿತ ಮನುಷ್ಯ ಇವೆಲ್ಲಕ್ಕಿಂತ ಪರಿಚಿತ ಮನುಷ್ಯರ ವಾಸನೆಗೇ ಮಿದುಳಿನ ಸಂತೋಷದ ನಿರೀಕ್ಷೆಗೆ ಸಂಬಂಧಿಸಿದ ಭಾಗ ಹೆಚ್ಚು ಸ್ಪಂದಿಸಿತು. ಆ ಮನುಷ್ಯರು ಆಗ ಎದುರಿನಲ್ಲಿ ಇರಲೇ ಇಲ್ಲ.

ಇಂಗ್ಲೆಂಡಿನ ಜೇಟಿ ಎಂಬ ನಾಯಿಯ ವಿಷಯ ಏನು?

ಈ ವಿಷಯದಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದ ನಾಯಿಗಳಲ್ಲಿ ಜೇಟಿ ಮುಖ್ಯವಾದದ್ದು. ಮ್ಯಾಂಚೆಸ್ಟರ್ ಹತ್ತಿರದ ರ‍್ಯಾಮ್ಸ್‌ಬಾಟಮ್ ಎಂಬ ಊರಿನ ಮಿಶ್ರತಳಿಯ ಟೆರಿಯರ್. ಅದರ ಒಡತಿ 1989ರಲ್ಲಿ ನಾಯಿಗಳ ಆಶ್ರಯಧಾಮದಿಂದ ಮರಿಯಾಗಿದ್ದಾಗ ತಂದು ಸಾಕಿದ್ದರು. ಆಕೆ ಕೆಲಸಕ್ಕೆ ಹೋದಾಗ ಜೇಟಿ ಆಕೆಯ ತಂದೆ ತಾಯಿಯ ಜೊತೆ ಇರುತ್ತಿತ್ತು. ಸಂಜೆ ನಾಲ್ಕೂವರೆಯ ಸುಮಾರಿಗೆ, ಮಗಳು ಕಚೇರಿ ಬಿಡುವ ಹೊತ್ತಿಗೆ, ನಾಯಿ ಕಿಟಕಿಯಂಥ ದೊಡ್ಡ ಗಾಜಿನ ಬಾಗಿಲಿನ ಬಳಿ ಹೋಗಿ ಕೂರುವುದನ್ನು ಅವರು 1991ರಲ್ಲಿ ಗಮನಿಸಿದರು. ಇಷ್ಟೇ ಆಗಿದ್ದರೆ ಗಡಿಯಾರದ ವಿಷಯವೆಂದು ಬಿಟ್ಟುಬಿಡಬಹುದಿತ್ತು. 1993ರಲ್ಲಿ ಆಕೆಯ ಕೆಲಸ ಹೋಯಿತು. ಹೋಗುವ ಬರುವ ಹೊತ್ತಿಗೆ ನೇಮವಿಲ್ಲದಾಯಿತು. ಆದರೂ ಜೇಟಿಯ ಕಾಯುವಿಕೆ ನಿಲ್ಲಲಿಲ್ಲ.

1994ರಲ್ಲಿ ಆಕೆ ಪತ್ರಿಕೆಯೊಂದರಲ್ಲಿ ರೂಪರ್ಟ್ ಶೆಲ್ಡ್ರೇಕ್ ಅವರ ಸಂಶೋಧನೆಯ ಬಗ್ಗೆ ಓದಿ ಅವರನ್ನು ಸಂಪರ್ಕಿಸಿದರು. ಶೆಲ್ಡ್ರೇಕ್ ಕೇಂಬ್ರಿಜ್‌ನಲ್ಲಿ ಓದಿದ ಸಸ್ಯವಿಜ್ಞಾನಿ. 1970ರ ದಶಕದಲ್ಲಿ ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ತೊಗರಿ, ಕಡಲೆ ಬೆಳೆಗಳ ಮೇಲೆ ಕೆಲಸ ಮಾಡಿದವರು. ಕಲಬುರಗಿಯ ರೈತರ ಬೆಳೆಯನ್ನು ಬಲ್ಲ ವಿಜ್ಞಾನಿ ಆಮೇಲೆ ನಾಯಿಗಳ ಹಿಂದೆ ಹೋದರು. ಜೀವಿಗಳ ನಡುವೆ ಕಣ್ಣಿಗೆ ಕಾಣದ ಒಂದು ನಂಟಿದೆ, ದೂರ ಅದಕ್ಕೆ ಅಡ್ಡಿಯಲ್ಲ ಎಂಬುದು ಅವರ ವಾದ. ಹೆಚ್ಚಿನ ವಿಜ್ಞಾನಿಗಳು ಇದನ್ನು ಒಪ್ಪಿಲ್ಲ.

ಮೊದಲು ಒಡತಿ ದಿನಚರಿ ಬರೆದಿಟ್ಟರು. 100 ಸಲ ಹೊರಗೆ ಹೋಗಿ ಬಂದದ್ದರಲ್ಲಿ 85 ಸಲ ನಾಯಿ ಮುಂಚಿತವಾಗಿ ಕಾದಿತ್ತು. ಆಕೆ ಸೈಕಲ್, ರೈಲು, ಟ್ಯಾಕ್ಸಿಯಲ್ಲಿ ಬಂದು ನೋಡಿದರು. ಆಮೇಲೆ ವಿಡಿಯೊ ಕ್ಯಾಮೆರಾ ಬಂತು. 12 ಪ್ರಯೋಗಗಳಲ್ಲಿ ಮರಳುವ ಹೊತ್ತನ್ನು ಯಾದೃಚ್ಛಿಕವಾಗಿ ಆರಿಸಿ, ಆಕೆಗೆ ಪೇಜರ್ ಮೂಲಕ ತಿಳಿಸಲಾಯಿತು. ಆಕೆಗಾಗಲಿ ಮನೆಯವರಿಗಾಗಲಿ ಮೊದಲೇ ಗೊತ್ತಿರಲಿಲ್ಲ. ಶೆಲ್ಡ್ರೇಕ್ ಪ್ರಕಟಿಸಿದ ಲೆಕ್ಕದ ಪ್ರಕಾರ ಆಕೆ ದೂರವಿದ್ದ ಮುಖ್ಯ ಅವಧಿಯಲ್ಲಿ ಜೇಟಿ ಕಿಟಕಿಯ ಬಳಿ ಕಳೆದದ್ದು ಶೇ 4ರಷ್ಟು ಹೊತ್ತು. ಆಕೆ ಮರಳುವ ದಾರಿಯಲ್ಲಿದ್ದಾಗ ಶೇ 55ರಷ್ಟು.

ಅದನ್ನು ಬೇರೆಯವರು ಪರೀಕ್ಷಿಸಲಿಲ್ಲವೇ?

ಪರೀಕ್ಷಿಸಿದರು. ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು 1995ರಲ್ಲಿ ಅದೇ ಜೇಟಿಯ ಮೇಲೆ ನಾಲ್ಕು ಪ್ರಯೋಗ ನಡೆಸಿ, 1998ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೇರೆ ಕಾರಣವಿಲ್ಲದೆ ನಾಯಿ ಮೊದಲ ಸಲ ಬಾಗಿಲಿಗೆ ಹೋದದ್ದು ಒಡತಿ ಹೊರಟ ಹೊತ್ತಿಗೆ ಹೊಂದುತ್ತದೆಯೇ ಎಂಬುದು ಅವರ ಅಳತೆಗೋಲು. ನಂತರದ ಪ್ರಯೋಗಗಳಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ನಿಂತರೆ ಮಾತ್ರ ಲೆಕ್ಕ ಎಂದು ಬಿಗಿ ಮಾಡಿದರು. ನಾಲ್ಕರಲ್ಲೂ ನಾಯಿ ಬೇಗನೆ ಬಾಗಿಲಿಗೆ ಹೋಗಿ ತಪ್ಪಿತು.

ಶೆಲ್ಡ್ರೇಕ್ ಅದೇ ವಿಡಿಯೊಗಳನ್ನು ತಮ್ಮ ರೀತಿಯಲ್ಲಿ ಲೆಕ್ಕ ಹಾಕಿ, ತಂದೆ ತಾಯಿಯ ಮನೆಯಲ್ಲಿ ನಡೆದ ಮೂರರಲ್ಲೂ ಆಕೆ ಮರಳುವಾಗ ಜೇಟಿ ಹೆಚ್ಚು ಹೊತ್ತು ಕಿಟಕಿಯ ಬಳಿ ಇತ್ತು ಎಂದು ತೋರಿಸಿದರು. ಒಂದೇ ನಾಯಿ, ಒಂದೇ ಚಿತ್ರೀಕರಣ, ಎರಡು ತೀರ್ಪು.

ವೈಸ್‌ಮನ್ ಅವರದು ಬಹಳ ಮುಖ್ಯವಾದ ಒಂದು ಆಕ್ಷೇಪ. ಯಾರಿಗಾದರೂ ಕಾಯುವಾಗ ಹೊತ್ತು ಹೋದಂತೆ ಕಾತರ ಹೆಚ್ಚುತ್ತದೆ. ಮೊದಲ ಗಂಟೆಯಲ್ಲಿ ಒಮ್ಮೆ ಬಾಗಿಲಿಗೆ ಹೋದ ನಾಯಿ ಮೂರನೆಯ ಗಂಟೆಯಲ್ಲಿ ಹತ್ತು ಸಲ ಹೋಗುತ್ತದೆ. ಒಡತಿ ಬರುವುದು ಯಾವತ್ತೂ ಕೊನೆಗೇ ತಾನೆ? ಹಾಗಾಗಿ ನಾಯಿಗೆ ಏನೂ ಗೊತ್ತಿಲ್ಲದಿದ್ದರೂ ಕೊನೆಯ ಹತ್ತು ನಿಮಿಷದ ಲೆಕ್ಕ ಎತ್ತರದಲ್ಲಿಯೇ ಇರುತ್ತದೆ. ಶೆಲ್ಡ್ರೇಕ್ ಇದಕ್ಕೂ ಉತ್ತರ ಕೊಟ್ಟರು: ಸ್ವಲ್ಪ ಹೊತ್ತು, ಮಧ್ಯಮ ಹೊತ್ತು, ದೀರ್ಘ ಹೊತ್ತು ಹೊರಗಿದ್ದ ದಿನಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿದರೂ ಏರಿಕೆ ಮರಳುವ ಹೊತ್ತಿಗೇ ಕಾಣುತ್ತದೆ, ಆಕೆ ಬಾರದ ಸಂಜೆಗಳಲ್ಲಿ ಹಾಗೆ ಏರುವುದಿಲ್ಲ ಎಂದು.

ನಿಮ್ಮ ತೀರ್ಮಾನ ಏನು?

ದೂರಸಂವೇದನೆ, ಅಂದರೆ ಟೆಲಿಪತಿ, ಸಾಬೀತಾಗಿಲ್ಲ. ನಾಯಿಗಳ ಬಗ್ಗೆ ನನಗಿರುವ ಪ್ರೀತಿ ಈ ಮಾತನ್ನು ಮೆತ್ತಗೆ ಮಾಡಬಾರದು. ನಂಬಿದ ಸಂಶೋಧಕರೇ ಹೆಚ್ಚಾಗಿ ನಡೆಸಿದ, ಒಂದೆರಡು ನಾಯಿಗಳ ಪ್ರಯೋಗದ ಮೇಲೆ ಭೌತವಿಜ್ಞಾನಕ್ಕೇ ಹೊಸದಾದ ಒಂದು ನಂಟನ್ನು ಒಪ್ಪಲಾಗದು. ನೂರಾರು ನಾಯಿಗಳ ಮೇಲೆ, ಎರಡೂ ಪಂಗಡದವರು ಅಳತೆಯ ನಿಯಮವನ್ನು ಮೊದಲೇ ಒಪ್ಪಿಕೊಂಡು ನಡೆಸಿದರೆ ಆಗ ಮಾತಾಡಬಹುದು.

ಅದೇ ಹೊತ್ತಿಗೆ, ಜೇಟಿಯ ಕಥೆ ನಾಲ್ಕು ಪ್ರಯೋಗಗಳಿಂದ ಮುಗಿದುಹೋಯಿತು ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಮೊದಲ ಸಲ ಬಾಗಿಲಿಗೆ ಹೋದದ್ದನ್ನೇ ಹಿಡಿಯುವುದು ಒರಟು ಅಳತೆ. ಬೀದಿಯಲ್ಲಿ ಬೆಕ್ಕು ಹೋದರೂ, ಸುಮ್ಮನೆ ಬೇಸರವಾದರೂ ನಾಯಿ ಬಾಗಿಲಿಗೆ ಹೋಗುತ್ತದೆ. ನಾಯಿ ಸಾಕಿದ ಯಾರಿಗಾದರೂ ಇದು ಗೊತ್ತು.

ಮನೆಯಲ್ಲಿರುವವರೇ ನಾಯಿಗೆ ಸುಳಿವು ಕೊಡುತ್ತಿರಬಹುದೇ?

ಬಹುತೇಕ ಮನೆಗಳಲ್ಲಿ ನಡೆಯುವುದು ಇದೇ ಎಂದು ನನ್ನ ಗಟ್ಟಿ ನಂಬಿಕೆ.

1900ರ ದಶಕದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹ್ಯಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕಕ್ಕೆ ಉತ್ತರ ಹೇಳುತ್ತಿತ್ತು. ಅದರ ಯಜಮಾನ ಫಾನ್ ಓಸ್ಟೆನ್ ಮೋಸಗಾರನಲ್ಲ, ನಿಜವಾಗಿಯೂ ನಂಬಿದ್ದವನು. ಓಸ್ಕರ್ ಫಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ತಾಳ್ಮೆಯಿಂದ ಪರೀಕ್ಷಿಸಿ 1907ರಲ್ಲಿ ಗುಟ್ಟು ಬಿಡಿಸಿದ. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ, ಅಥವಾ ಕೇಳುವವರು ಕುದುರೆಗೆ ಕಾಣದಿದ್ದರೆ, ಕುದುರೆ ತಪ್ಪುತ್ತಿತ್ತು. ಸರಿಯಾದ ಸಂಖ್ಯೆ ಬಂದಾಗ ಜನರಿಗೇ ತಿಳಿಯದಂತೆ ಅವರ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಹ್ಯಾನ್ಸ್ ಓದುತ್ತಿದ್ದದ್ದು ಅದನ್ನು.

ಈಗ ನಮ್ಮ ಮನೆಗಳನ್ನು ನೋಡಿ. ‘ಹೊರಟೆ’ ಎಂದು ಫೋನ್ ಬರುತ್ತದೆ, ಇಲ್ಲವೇ ವಾಟ್ಸ್‌ಆ್ಯಪ್ ಸಂದೇಶ. ಅತ್ತೆಯವರು ಗಡಿಯಾರ ನೋಡುತ್ತಾರೆ. ಕಾಫಿಗೆ ಡಿಕಾಕ್ಷನ್ ಇಳಿಸಲು ಫಿಲ್ಟರ್ ತೆಗೆಯುತ್ತಾರೆ, ಹೊರಗಿನ ದೀಪ ಹಾಕುತ್ತಾರೆ, ‘ಇನ್ನೂ ಬರಲಿಲ್ಲವಲ್ಲ’ ಎಂದು ಕಿಟಕಿಯ ಪರದೆ ಸರಿಸುತ್ತಾರೆ. ನಾಯಿ ಹೋಗಿ ಗೇಟಿನ ಬಳಿ ಕೂರುತ್ತದೆ. ಆಮೇಲೆ ಅತ್ತೆಯವರೇ ಹೇಳುತ್ತಾರೆ, ‘ನೋಡು, ಅದಕ್ಕೆ ಹೇಗೆ ಗೊತ್ತಾಯಿತು!’

ಅಮೆರಿಕದಿಂದ ಮಗ ವರ್ಷಕ್ಕೊಮ್ಮೆ ಬರುವ ದಿನ ಬೆಳಗ್ಗೆಯಿಂದಲೇ ನಾಯಿ ಬಾಗಿಲು ಬಿಡುವುದಿಲ್ಲ. ಇದಕ್ಕೇನು ಹೇಳುತ್ತೀರಿ?

ಮಗ ಬರುವ ವಾರದಲ್ಲಿ ಮನೆ ಹೇಗಿರುತ್ತದೆ ನೆನಪಿಸಿಕೊಳ್ಳಿ. ಅವನ ಕೋಣೆಯ ಬಾಗಿಲು ತೆರೆಯುತ್ತದೆ. ಹಾಸಿಗೆ ಬಿಸಿಲಿಗೆ ಬೀಳುತ್ತದೆ, ಅವನ ಹಳೆಯ ಹೊದಿಕೆ ಕಪಾಟಿನಿಂದ ಹೊರಬಂದು ಅವನ ವಾಸನೆ ಮತ್ತೆ ಮನೆಯಲ್ಲಿ ಹರಡುತ್ತದೆ. ಅಡುಗೆಮನೆಯಲ್ಲಿ ಚಕ್ಕುಲಿ, ಕೋಡುಬಳೆ ಕರಿಯುತ್ತಾರೆ. ಅವನ ಹೆಸರು ದಿನಕ್ಕೆ ಐವತ್ತು ಸಲ ಕಿವಿಗೆ ಬೀಳುತ್ತದೆ. ವಿಮಾನ ನಿಲ್ದಾಣಕ್ಕೆಂದು ನಸುಕಿನಲ್ಲಿ ಕಾರು ಹೊರಡುತ್ತದೆ. ಇಷ್ಟೆಲ್ಲ ನಡೆದೂ ನಾಯಿ ಸುಮ್ಮನೆ ಮಲಗಿದ್ದರೆ ನಾನು ಹೆಚ್ಚು ಅಚ್ಚರಿಪಡುತ್ತಿದ್ದೆ.

ಹೇಳದೆ ಕೇಳದೆ ಬಂದು ಅಚ್ಚರಿಗೊಳಿಸಿದ ಮಗನ ವಿಡಿಯೊಗಳನ್ನು ನೋಡಿ. ಅಲ್ಲಿ ನಾಯಿ ಕಾದಿರುವುದಿಲ್ಲ. ಮೊದಲು ಬೊಗಳುತ್ತದೆ, ಹತ್ತಿರ ಬಂದು ಮೂಸುತ್ತದೆ, ಆಮೇಲೆ ಮೈಮೇಲೆ ಬೀಳುತ್ತದೆ.

ಬೆಕ್ಕಿಗೂ ಈ ಗುಣ ಇದೆಯೇ?

ಇದೆ, ತೋರಿಸಿಕೊಳ್ಳುವುದು ಕಡಿಮೆ. ಬ್ರಿಟನ್, ಅಮೆರಿಕದಲ್ಲಿ ಶೆಲ್ಡ್ರೇಕ್ ನಡೆಸಿದ ಮನೆ ಸಮೀಕ್ಷೆಗಳಲ್ಲಿ ನಾಯಿ ಸಾಕಿದವರಲ್ಲಿ ಸುಮಾರು ಅರ್ಧದಷ್ಟು ಜನ, ಬೆಕ್ಕು ಸಾಕಿದವರಲ್ಲಿ ಸುಮಾರು ಶೇ 30ರಷ್ಟು ಜನ ತಮ್ಮ ಪ್ರಾಣಿ ಮುಂಚಿತವಾಗಿ ಕಾಯುತ್ತದೆ ಎಂದಿದ್ದರು. ಇದು ಜನರ ಅನಿಸಿಕೆಯ ಲೆಕ್ಕ, ಪ್ರಾಣಿಗಳ ಪರೀಕ್ಷೆಯ ಲೆಕ್ಕವಲ್ಲ.

ಜಪಾನಿನ ಸಂಶೋಧಕರು ಬೆಕ್ಕುಗಳ ಬಗ್ಗೆ ಅಚ್ಚುಕಟ್ಟಾದ ಕೆಲಸ ಮಾಡಿದ್ದಾರೆ. ತನ್ನನ್ನು ಸಾಕಿದವರ ದನಿಯನ್ನು ಬೆಕ್ಕು ಅಪರಿಚಿತರ ದನಿಯಿಂದ ಬೇರ್ಪಡಿಸಿ ಗುರುತಿಸುತ್ತದೆ ಎಂದು 2013ರಲ್ಲಿ ತೋರಿಸಿದರು. ಕರೆದರೆ ಅದು ಎದ್ದು ಬರುವುದಿಲ್ಲ. ಕಿವಿ, ತಲೆ ಮಾತ್ರ ತಿರುಗುತ್ತದೆ. 2021ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ತಂಡ ಇನ್ನೂ ಮುಂದೆ ಹೋಯಿತು. ಕೋಣೆಯ ಹೊರಗಿನ ಸ್ಪೀಕರಿನಿಂದ ಸಾಕಿದವರ ದನಿ ಕೇಳಿಸಿ, ಕೂಡಲೇ ಕೋಣೆಯ ಒಳಗಿನ ಸ್ಪೀಕರಿನಿಂದ ಅದೇ ದನಿ ಕೇಳಿಸಿದರು. ಬೆಕ್ಕುಗಳು ಬೆಚ್ಚಿ ಸುತ್ತಮುತ್ತ ನೋಡಿದವು. ಎಂದರೆ, ಕಣ್ಣಿಗೆ ಕಾಣದಿದ್ದರೂ ನೀವು ಎಲ್ಲಿದ್ದೀರಿ ಎಂಬ ಒಂದು ನಕ್ಷೆ ಅದರ ತಲೆಯಲ್ಲಿ ಇರುತ್ತದೆ. ಅಟ್ಟದ ಮೇಲೆ ಕಣ್ಣು ಮುಚ್ಚಿ ಮಲಗಿದ ಬೆಕ್ಕನ್ನು ಅಂದಿನಿಂದ ನಾನು ಬೇರೆ ರೀತಿ ನೋಡುತ್ತೇನೆ.

ಹಸು, ಗಿಳಿ ಮುಂತಾದವು?

ಹಾಲು ಕರೆಯುವವರ ಹೆಜ್ಜೆಯ ಸದ್ದಿಗೆ ಹಸು ತಲೆ ತಿರುಗಿಸುವುದನ್ನು ಕೊಟ್ಟಿಗೆ ಇರುವವರೆಲ್ಲ ಕಂಡಿದ್ದಾರೆ. ಅದಕ್ಕಿಂತ ಹೆಚ್ಚು ಹೇಳುವಷ್ಟು ಪರೀಕ್ಷೆಗಳು ನಡೆದಿಲ್ಲ.

ಹಾಚಿಕೊ ಕಥೆ ಏನನ್ನು ಸಾಬೀತುಮಾಡುತ್ತದೆ?

ದೂರಸಂವೇದನೆಯ ಪರವಾಗಿ ಹಾಚಿಕೊ ಹೆಸರು ಹೇಳುವವರು ಒಂದು ವಿಷಯ ಮರೆಯುತ್ತಾರೆ. ಟೋಕಿಯೊದ ಪ್ರೊಫೆಸರ್ ಹಿದೆಸಾಬುರೊ ಉಎನೊ 1924ರಲ್ಲಿ ಅಕಿತಾ ತಳಿಯ ಈ ಮರಿಯನ್ನು ತಂದು ಸಾಕಿದರು. ಅದು ಸಂಜೆ ಶಿಬುಯಾ ರೈಲು ನಿಲ್ದಾಣಕ್ಕೆ ಹೋಗಿ ಅವರನ್ನು ಎದುರುಗೊಳ್ಳುತ್ತಿತ್ತು. 1925ರ ಮೇ 21ರಂದು ಅವರು ವಿಶ್ವವಿದ್ಯಾಲಯದಲ್ಲೇ ತೀರಿಕೊಂಡರು. ಹಾಚಿಕೊ 1935ರ ಮಾರ್ಚ್ 8ರಂದು ಸಾಯುವವರೆಗೆ, ಸುಮಾರು ಹತ್ತು ವರ್ಷ, ಆ ನಿಲ್ದಾಣಕ್ಕೆ ಬರುತ್ತಲೇ ಇತ್ತು.

ಒಡೆಯ ಹೊರಟದ್ದು ದೂರದಿಂದಲೇ ತಿಳಿಯುವುದಾಗಿದ್ದರೆ, ಹೊರಡದೇ ಇದ್ದದ್ದೂ ತಿಳಿಯಬೇಕಿತ್ತು. ಹಾಚಿಕೊ ಜೊತೆ ಇದ್ದದ್ದು ಜಾಗದ ನೆನಪು, ಹೊತ್ತಿನ ನೆನಪು, ಮನುಷ್ಯನ ನೆನಪು. ನಿಲ್ದಾಣದ ಬಳಿಯ ಅಂಗಡಿಯವರು ಕೊಡುವ ತಿನಿಸಿಗಾಗಿ ಬರುತ್ತಿತ್ತು ಎಂದು ಕೆಲವರು ಹೇಳುತ್ತಾರೆ. ತಿಂದಿರಬಹುದು, ಹೊಟ್ಟೆ ಎಲ್ಲರಿಗೂ ಇದೆ. ಅದು ಬರಲು ಕಲಿತದ್ದು ಮಾತ್ರ ಉಎನೊ ಅವರಿಗಾಗಿ.

ನಮ್ಮ ನಾಯಿಯನ್ನು ಮನೆಯಲ್ಲೇ ಪರೀಕ್ಷಿಸಬಹುದೇ?

ಖಂಡಿತ ಮಾಡಿ. ಖರ್ಚಿಲ್ಲ, ನಾಯಿಗೆ ತೊಂದರೆಯೂ ಇಲ್ಲ. ಹಳೆಯ ಮೊಬೈಲ್ ಒಂದನ್ನು ನಾಯಿ ಕಾಯುವ ಜಾಗಕ್ಕೆ ಗುರಿಯಿಟ್ಟು, ಗಡಿಯಾರವೂ ಚೌಕಟ್ಟಿನೊಳಗೆ ಕಾಣುವಂತೆ ನಿಲ್ಲಿಸಿ. ನೀವು ಮನೆ ಬಿಟ್ಟ ಮೇಲೆ ಚೀಟಿ ಎತ್ತಿ ಮರಳುವ ಹೊತ್ತನ್ನು ಆರಿಸಿಕೊಳ್ಳಿ, ಮೊದಲೇ ಅಲ್ಲ. ಮೊದಲೇ ಗೊತ್ತಿದ್ದರೆ ಹೊರಡುವಾಗಿನ ನಿಮ್ಮ ನಡೆಯೇ ಹೇಳಿಬಿಡುತ್ತದೆ. ಅರ್ಧ ಗಂಟೆಗೆಂದು ಹೋಗುವವರು ಚಪ್ಪಲಿ ಮೆಟ್ಟುವುದೇ ಬೇರೆ, ಇಡೀ ದಿನಕ್ಕೆಂದು ಹೋಗುವವರು ಬ್ಯಾಗು ಎತ್ತುವುದೇ ಬೇರೆ. ಮನೆಯವರಿಗೆ ಫೋನ್ ಮಾಡಬೇಡಿ. ಸಾಧ್ಯವಾದರೆ ಮನೆಯಲ್ಲಿ ಯಾರೂ ಇಲ್ಲದ ದಿನವೇ ಒಳ್ಳೆಯದು. ನಿಮ್ಮ ಗಾಡಿ ಬಿಟ್ಟು ಆಟೋದಲ್ಲೋ ಬೇರೆಯವರ ಕಾರಿನಲ್ಲೋ ಬನ್ನಿ, ಕೊನೆಯ ತಿರುವಿನಲ್ಲಿ ಇಳಿಯಬೇಡಿ.

ವಿಡಿಯೊವನ್ನು ನೀವೇ ನೋಡಿ ಅಂಕ ಹಾಕಬೇಡಿ. ನೀವು ಎಷ್ಟು ಹೊತ್ತಿಗೆ ಹೊರಟಿರಿ ಎಂದು ತಿಳಿಯದ ಸ್ನೇಹಿತರಿಗೆ ಕೊಡಿ. ಪ್ರತಿ ಹತ್ತು ನಿಮಿಷದಲ್ಲಿ ನಾಯಿ ಎಷ್ಟು ಸೆಕೆಂಡು ಬಾಗಿಲ ಬಳಿ ಇತ್ತು ಎಂದು ಅವರು ಬರೆಯಲಿ, ಸುಮ್ಮನೆ ಹೋಗಿ ಬಂದದ್ದೂ ಸೇರಿ. ಎಲ್ಲಕ್ಕಿಂತ ಮುಖ್ಯ, ನೀವು ಬಾರದೇ ಇದ್ದ ಸಂಜೆಗಳನ್ನೂ ಇದೇ ರೀತಿ ದಾಖಲಿಸಿ. ನಮ್ಮ ನೆನಪು ಕಾದು ಗೆದ್ದ ದಿನಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮಧ್ಯಾಹ್ನ ಎರಡಕ್ಕೆ ಗೇಟಿಗೆ ಹೋಗಿ ಯಾರೂ ಬಾರದೆ ಹಿಂದಿರುಗಿದ ನಾಯಿಯನ್ನು ಯಾರೂ ನೆನಪಿಡುವುದಿಲ್ಲ.

ಬಾರದ ದಿನಗಳಲ್ಲೂ ಸಂಜೆ ಅದೇ ಏರಿಕೆ ಕಂಡರೆ ಅದು ಗಡಿಯಾರ ಅಥವಾ ಕಾತರ. ಕೊನೆಯ ಎರಡು ನಿಮಿಷದಲ್ಲಿ ಮಾತ್ರ ಕಂಡರೆ ಕಿವಿ.

ಎಷ್ಟು ಹೊತ್ತು ಒಂಟಿಯಾಗಿ ಬಿಟ್ಟೆವು ಎಂಬುದು ನಾಯಿಗೆ ತಿಳಿಯುತ್ತದೆಯೇ?

ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ. ಸ್ವೀಡನ್ನಿನಲ್ಲಿ 12 ನಾಯಿಗಳನ್ನು ಅರ್ಧ ಗಂಟೆ, ಎರಡು ಗಂಟೆ, ನಾಲ್ಕು ಗಂಟೆ ಒಂಟಿಯಾಗಿ ಬಿಟ್ಟು ನೋಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅರ್ಧ ಗಂಟೆಯ ನಂತರ ಬಂದಾಗ ಸಿಕ್ಕ ಸ್ವಾಗತಕ್ಕಿಂತ ಎರಡು ಗಂಟೆಯ ನಂತರದ ಸ್ವಾಗತ ಜೋರಾಗಿತ್ತು. ಎರಡು ಮತ್ತು ನಾಲ್ಕರ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ.

ಇನ್ನು ಪುನರ್ಮಿಲನದ ಸಂತೋಷ ದೇಹದಲ್ಲೂ ಕಾಣುತ್ತದೆ. ಜಪಾನಿನ ಅಜಾಬು ವಿಶ್ವವಿದ್ಯಾಲಯದ ತಂಡ 2022ರಲ್ಲಿ ತೋರಿಸಿದಂತೆ, ಕೆಲವು ಗಂಟೆ ಅಗಲಿದ ಸಾಕಿದವರನ್ನು ಮತ್ತೆ ಕಂಡಾಗ ನಾಯಿಯ ಕಣ್ಣಿನಲ್ಲಿ ನೀರು ಹೆಚ್ಚುತ್ತದೆ. ಬೇರೆ ಪರಿಚಿತರನ್ನು ಕಂಡಾಗ ಹಾಗೆ ಹೆಚ್ಚಲಿಲ್ಲ.

ಕಾಯುವುದು ಯಾವಾಗ ಕಾಯಿಲೆಯಾಗುತ್ತದೆ?

ಬಾಗಿಲ ಬಳಿ ಮಲಗಿ ಕಾಯುವುದು ಸಹಜ. ನೀವು ಹೊರಟ ಕೂಡಲೇ ಏದುಸಿರು, ಜೊಲ್ಲು, ನಿಲ್ಲದ ಊಳು, ಬಾಗಿಲನ್ನೇ ಕೆರೆದು ಉಗುರು ಕಿತ್ತುಕೊಳ್ಳುವುದು, ಕಲಿತ ನಾಯಿಯೂ ಮನೆಯೊಳಗೆ ಮೂತ್ರ ಮಾಡುವುದು, ಇವು ಸಹಜವಲ್ಲ. ಇದು ಅಗಲಿಕೆಯ ಆತಂಕ. ಸಿಟ್ಟಿನಿಂದ ಸೇಡು ತೀರಿಸಿಕೊಳ್ಳುತ್ತಿದೆ ಎಂದು ಹೊಡೆಯುವವರಿದ್ದಾರೆ, ದಯವಿಟ್ಟು ಹೊಡೆಯಬೇಡಿ. ಬಂದ ಮೇಲೆ ಬೀಳುವ ಪೆಟ್ಟು ಅದಕ್ಕೆ ನಿಮ್ಮ ಬರುವಿಕೆಯನ್ನೇ ಭಯದ ವಿಷಯ ಮಾಡುತ್ತದೆ. ಒಂದೆರಡು ನಿಮಿಷ ಹೊರಗೆ ಹೋಗಿ ಬರುವುದರಿಂದ ಶುರುಮಾಡಿ, ನಾಯಿ ಶಾಂತವಾಗಿ ಇರುವಷ್ಟು ಹೊತ್ತನ್ನೇ ನಿಧಾನವಾಗಿ ಬೆಳೆಸಿ. ಹೊರಡುವಾಗ ದೊಡ್ಡ ಬೀಳ್ಕೊಡುಗೆ ಬೇಡ. ಹೆಚ್ಚಾಗಿದ್ದರೆ ಪಶುವೈದ್ಯರನ್ನು ಕಾಣಿ, ಇದಕ್ಕೆ ಔಷಧಿಯೂ ಇದೆ.

ನಮ್ಮ ನಾಯಿ ಕಾಯುವುದೇ ಇಲ್ಲ. ಅದಕ್ಕೆ ನಮ್ಮ ಮೇಲೆ ಪ್ರೀತಿ ಇಲ್ಲವೇ?

ಹಾಗೆ ಭಾವಿಸಬೇಡಿ. ನೀವು ಬಂದೇ ಬರುತ್ತೀರಿ ಎಂಬ ನೆಮ್ಮದಿಯಿಂದ ಮಲಗುವ ನಾಯಿಗಳೂ ಇವೆ.

ಮೊದಲು ಗೇಟಿಗೆ ಓಡಿಬರುತ್ತಿದ್ದ ನಾಯಿ ಈಗ ಬರುತ್ತಿಲ್ಲ. ಏನು ಮಾಡಬೇಕು?

ನಾಯಿಗೆ ವಯಸ್ಸಾಗಿದ್ದರೆ ಮೊದಲು ಕಿವಿಯನ್ನು ಪರೀಕ್ಷಿಸಿ. ಅದು ಮಲಗಿದ್ದಾಗ ಹಿಂದಿನಿಂದ, ಗಾಳಿ ತಾಗದಂತೆ ದೂರದಲ್ಲಿ ನಿಂತು ಚಪ್ಪಾಳೆ ತಟ್ಟಿ ನೋಡಿ; ಕಿವಿ ಅಲುಗದಿದ್ದರೆ ಕೇಳಿಸುತ್ತಿಲ್ಲ. ಕಿವಿ ತಿರುಗಿಯೂ ಏಳದಿದ್ದರೆ ಸೊಂಟ, ಮಂಡಿಯ ನೋವಿರಬಹುದು. ಮನೆಯವರನ್ನೇ ಗುರುತಿಸದಂತೆ ನಿಲ್ಲುವುದು, ಮೂಲೆಯಲ್ಲಿ ಸಿಕ್ಕಿಕೊಂಡಂತೆ ನಿಲ್ಲುವುದು, ರಾತ್ರಿ ಸುಮ್ಮನೆ ಅಲೆಯುವುದು ಕಂಡರೆ ವಯಸ್ಸಿನ ಮರೆವು ಶುರುವಾಗಿರಬಹುದು. ಎಳೆಯ ನಾಯಿ ಇದ್ದಕ್ಕಿದ್ದಂತೆ ಹೀಗೆ ಮಾಡಿದರೆ ಜ್ವರವೋ ಬೇರೆ ಕಾಯಿಲೆಯೋ ಇದ್ದೀತು, ಕಾಯಬೇಡಿ. ಯಾವುದೇ ಇರಲಿ ಪಶುವೈದ್ಯರಿಗೆ ತೋರಿಸಿ. ನೋವಿಗೆ ಒಳ್ಳೆಯ ಔಷಧಿಗಳಿವೆ. ಮನುಷ್ಯರ ನೋವಿನ ಮಾತ್ರೆಯನ್ನು ಮಾತ್ರ ಕೊಡಬೇಡಿ, ಎಷ್ಟೋ ಮಾತ್ರೆಗಳು ನಾಯಿಗೆ ವಿಷ.

ಕಿವಿ ಕೇಳದ ನಾಯಿಯನ್ನು ಹಿಂದಿನಿಂದ ಮುಟ್ಟಿ ಎಬ್ಬಿಸಬೇಡಿ, ಬೆಚ್ಚಿ ಕಚ್ಚೀತು. ಒಳಗೆ ಬರುವಾಗ ನೆಲಕ್ಕೆ ಕಾಲು ಬಡಿಯಿರಿ, ಅದುರು ಅದಕ್ಕೆ ತಾಗುತ್ತದೆ. ಇಲ್ಲವೇ ಅಂಗೈಯನ್ನು ಮೂಗಿನ ಹತ್ತಿರ ಹಿಡಿದು, ಅದೇ ಮೂಸಿ ಕಣ್ಣು ತೆರೆಯುವವರೆಗೆ ಅಲ್ಲೇ ಕೂತಿರಿ.